ಉಡುವ ಬಟ್ಟೆ, ನಡೆವ ದಾರಿ

ತುಮಕೂರಿನಿಂದ ಅರಸೀಕೆರೆಯ ಕಡೆಗೆ ಸಾಗುವ ರೈಲುಬಂಡಿಯ ಕಿಟಕಿಯ ಬಳಿ ಕುಳಿತವರಿಗೆ ಗುಬ್ಬಿಯನ್ನು ದಾಟಿದ ಮೇಲೆ ಕಾಣುವುದು ತೆಂಗು, ಮತ್ತೆ ಮತ್ತೆ ತೆಂಗು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಹಳ್ಳಿಗಳಿಗೆ ತೆಂಗಿನ ತೋಟವೇ ನೆರಳು, ತೋಟವೇ ಬದುಕು. ಇಲ್ಲಿನ ರೈತರು ಬಲಿತ ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಸುಮಾರು ಎಂಟು ತಿಂಗಳಿಂದ ಒಂದು ವರ್ಷದವರೆಗೆ ಇರಿಸುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಾಡಿಸಿದರೆ ಸದ್ದು ಮಾಡುವ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರಿನ ಮಾರುಕಟ್ಟೆಯಿಂದ ಈ ಕೊಬ್ಬರಿ ಉತ್ತರ ಭಾರತದ ದೂರದ ಊರುಗಳಿಗೆ ಹೋಗುತ್ತದೆ.

ಆದರೆ ಈ ಹಸಿರಿನ ಹಿಂದೆ ಒಂದು ಕಳವಳವೂ ಅಡಗಿದೆ. ಪಶ್ಚಿಮ ಘಟ್ಟಗಳ ಮಳೆಯ ನೆರಳಿನಲ್ಲಿರುವ ಈ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 600ರಿಂದ 700 ಮಿಲಿಮೀಟರ್ ಮಾತ್ರ. ಹಿಂದೆ ಕೆರೆ ಮತ್ತು ತೆರೆದ ಬಾವಿಗಳು ತೋಟವನ್ನು ಕಾಯುತ್ತಿದ್ದವು. ತುರುವೇಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಕಾಲಕ್ರಮದಲ್ಲಿ ತೆರೆದ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಬಂದವು, ಅವೂ ವರ್ಷ ವರ್ಷಕ್ಕೆ ಆಳವಾಗುತ್ತ ಹೋದವು. ಹೇಮಾವತಿ ನಾಲೆಯ ನೀರು ಹಲವು ಕೆರೆಗಳಿಗೆ ಜೀವ ಕೊಟ್ಟಿದ್ದರೂ ಎಲ್ಲ ಹಳ್ಳಿಗಳನ್ನೂ ಅದು ಮುಟ್ಟಿಲ್ಲ. ಬರಗಾಲದ ವರ್ಷಗಳಲ್ಲಿ ತಲೆ ಬಾಡಿ ನಿಂತ ತೆಂಗಿನ ಮರಗಳನ್ನು ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆ ನೆಲದಡಿಯ ನೀರಿಗೂ ಚೆನ್ನಾಗಿ ಒಪ್ಪುತ್ತದೆ.

ಪರಿಸರವನ್ನು ಕಾಪಾಡುವುದೆಂದರೆ ಸರ್ಕಾರವೂ ವಿಜ್ಞಾನಿಗಳೂ ಮಾಡಬೇಕಾದ ದೊಡ್ಡ ಕಾರ್ಯ ಎಂದು ಅನೇಕರು ಭಾವಿಸುತ್ತಾರೆ. ಅದು ನಿಜವೇ. ಆದರೆ ಪ್ರತಿದಿನವೂ ಪ್ರತಿ ಮನೆಯಲ್ಲೂ ತಪ್ಪದೆ ನಡೆಯುವ ಎರಡು ಕೆಲಸಗಳಿವೆ. ಒಂದು, ಉಟ್ಟ ಬಟ್ಟೆಯನ್ನು ಮಡಿ ಮಾಡುವುದು. ಇನ್ನೊಂದು, ಶಾಲೆಗೋ ಸಂತೆಗೋ ಕೆಲಸಕ್ಕೋ ಹೋಗಿ ಬರುವುದು. ಮೊದಲನೆಯದು ನೀರನ್ನೂ ಮಣ್ಣನ್ನೂ ಮುಟ್ಟುತ್ತದೆ. ಎರಡನೆಯದು ಗಾಳಿಯನ್ನು ಮುಟ್ಟುತ್ತದೆ. ಎರಡರಲ್ಲಿಯೂ ಸ್ವಲ್ಪ ವಿವೇಚನೆ ಬೆರೆತರೆ ಆಗುವ ಉಳಿತಾಯ ಲೆಕ್ಕಕ್ಕೆ ಸಿಗುವಂಥದು.

ಬಟ್ಟೆ ಒಗೆಯುವ ಕ್ರಮ ಹಿಂದೆ ಬೇರೆಯೇ ಆಗಿತ್ತು. ಮಡಿವಾಳರು ಊರಿನ ಬಟ್ಟೆಗಳನ್ನು ಕೆರೆಯಂಗಳಕ್ಕೆ ಒಯ್ದು, ಚೌಳುಮಣ್ಣಿನ ತಿಳಿನೀರಿನಲ್ಲಿ ನೆನೆಸಿ, ದೊಡ್ಡ ಬಾನಿಯ ಮೇಲೆ ಪೇರಿಸಿ ಹಬೆಯಲ್ಲಿ ಬೇಯಿಸುತ್ತಿದ್ದರು. ಇದಕ್ಕೆ ಉಬ್ಬೆ ಹಾಕುವುದೆಂದು ಹೆಸರು. ಚೌಳುಮಣ್ಣಿನಲ್ಲಿರುವ ಕ್ಷಾರವು ಜಿಡ್ಡನ್ನು ಸಡಿಲಿಸುತ್ತಿತ್ತು. ಹಬೆಯು ರೋಗಾಣುಗಳನ್ನು ಕೊಲ್ಲುತ್ತಿತ್ತು. ಬಿಸಿಲು ಬಟ್ಟೆಯನ್ನು ಬೆಳ್ಳಗಾಗಿಸುತ್ತಿತ್ತು. ರೇಷ್ಮೆ ಮತ್ತು ಉಣ್ಣೆಯ ಬಟ್ಟೆಗಳಿಗೆ ಅಂಟುವಾಳದ ಕಾಯಿ ಬಳಕೆಯಾಗುತ್ತಿತ್ತು. ಆ ಕಾಯಿಯ ಸಿಪ್ಪೆಯಲ್ಲಿರುವ ಸಪೋನಿನ್ ಎಂಬ ಪದಾರ್ಥವು ನೀರಿನಲ್ಲಿ ನೊರೆಯೆಬ್ಬಿಸಿ ಕೊಳೆಯನ್ನು ಬಿಡಿಸುತ್ತದೆ. ಆ ಕಾಲವನ್ನು ಬರಿದೆ ಹೊಗಳುವಂತಿಲ್ಲ. ಚಳಿಗಾಲದ ಮುಂಜಾನೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತು ಬಟ್ಟೆ ಸೆಳೆಯುವ ಶ್ರಮ ಅತಿ ಕಠಿಣವಾದುದು. ಜಾತಿಯ ಹೆಸರಿನಲ್ಲಿ ಒಂದೇ ಸಮುದಾಯದ ಮೇಲೆ ಹೊರಿಸಿದ ಆ ಹೊರೆಗೆ ತಕ್ಕ ಗೌರವ ಸಲ್ಲುತ್ತಿರಲಿಲ್ಲ. ಈಗ ಆ ಕೆಲಸ ಪ್ರತಿ ಮನೆಗೂ ಬಂದಿದೆ. ಅದರೊಡನೆ ನೀರಿನ ಮಿತಿಯನ್ನು ಅರಿಯುವ ಹೊಣೆಯೂ ಮನೆಗೆ ಬಂದಿದೆ.

ಸಾಬೂನಿಗೂ ತೆಂಗಿಗೂ ಹತ್ತಿರದ ನಂಟು. ಎಣ್ಣೆ ಅಥವಾ ಕೊಬ್ಬನ್ನು ಕಾಸ್ಟಿಕ್ ಸೋಡಾದೊಡನೆ ಕೂಡಿಸಿದಾಗ ಸಾಬೂನು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲದ ಅಂಶ ಅಧಿಕ. ಆದುದರಿಂದ ಅದರಿಂದ ಮಾಡಿದ ಸಾಬೂನು ಬೇಗ ಕರಗಿ ಹೇರಳವಾಗಿ ನೊರೆ ಕೊಡುತ್ತದೆ. ಸಮುದ್ರದ ಉಪ್ಪುನೀರಿನಲ್ಲಿಯೂ ನೊರೆಯಾಗುವುದರಿಂದ ನಾವಿಕರು ಇದನ್ನು ಬಳಸುತ್ತಿದ್ದರು.

ಆಳದ ಕೊಳವೆಬಾವಿಯ ನೀರಿನಲ್ಲಿ ಸಾಮಾನ್ಯ ಸಾಬೂನು ಸುಲಭವಾಗಿ ನೊರೆಯಾಗುವುದಿಲ್ಲ. ಕಲ್ಲಿನ ಪದರಗಳ ನಡುವೆ ಬಹುಕಾಲ ನಿಂತ ನೀರು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಗಡಸಾಗಿರುತ್ತದೆ. ಈ ಲವಣಗಳು ಸಾಬೂನಿನೊಡನೆ ಸೇರಿ ಜಿಗುಟಾದ ಗಸಿಯಾಗುತ್ತವೆ. ಸಾಬೂನಿನ ಬಹುಭಾಗ ಕೊಳೆಯನ್ನು ತೆಗೆಯುವುದರ ಬದಲು ಗಸಿಯಾಗಿಯೇ ಕಳೆದುಹೋಗುತ್ತದೆ. ಬಿಳಿಯ ಅಂಗಿ ಕ್ರಮೇಣ ಬೂದುಬಣ್ಣಕ್ಕೆ ತಿರುಗುತ್ತದೆ. ಮಳೆಯ ನೀರಾದರೋ ಮೆದುನೀರು. ಅದಕ್ಕೆ ಸಾಬೂನು ಬಹಳ ಕಡಿಮೆ ಸಾಕು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಐವತ್ತು ಚದರ ಮೀಟರ್ ಚಾವಣಿಯ ಮನೆಯ ಮೇಲೆ 600 ಮಿಲಿಮೀಟರ್ ಮಳೆಯಾದರೆ 30,000 ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಒಂದಿಷ್ಟು ಭಾಗವನ್ನು ಶೋಧಿಸಿ ತೊಟ್ಟಿಯಲ್ಲಿ ಹಿಡಿದಿಟ್ಟರೂ ಅನೇಕ ವಾರಗಳ ಒಗೆತಕ್ಕೆ ಆಗುತ್ತದೆ. ನೀರೂ ಉಳಿಯಿತು, ಸಾಬೂನೂ ಉಳಿಯಿತು, ಬಟ್ಟೆಯೂ ಬಾಳಿಕೆ ಬಂದಿತು.

ಗಡಸು ನೀರಿನ ತೊಡಕನ್ನು ನೀಗಲು ರಾಸಾಯನಿಕ ಮಾರ್ಜಕಗಳು, ಅಂದರೆ ಡಿಟರ್ಜೆಂಟ್ ಪುಡಿಗಳು, ಬಂದವು. ಅವು ಗಡಸು ನೀರಿನಲ್ಲಿಯೂ ನೊರೆ ಕೊಡುತ್ತವೆ. ಶ್ರಮವನ್ನು ಕಡಿಮೆ ಮಾಡುತ್ತವೆ. ಆದರೆ ಹಲವು ಪುಡಿಗಳಲ್ಲಿ ಬೆರೆಸುವ ಫಾಸ್ಫೇಟ್ ಎಂಬ ಲವಣ ಕೆರೆಯನ್ನು ಸೇರಿದಾಗ ಪಾಚಿಗೂ ಜೊಂಡಿಗೂ ಗೊಬ್ಬರವಾಗುತ್ತದೆ. ಅವು ಅತಿಯಾಗಿ ಬೆಳೆದು, ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಬೆಂಗಳೂರಿನ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ಇದರ ಕಹಿ ನಿದರ್ಶನಗಳು. ನಗರದ ಕೊಳಚೆ ನೀರು ಹರಿದು ಸೇರಿದ ಆ ಕೆರೆಗಳಿಂದ ಎದ್ದ ನೊರೆ 2015ರಲ್ಲಿ ಗಾಳಿಗೆ ಹಾರಿ ರಸ್ತೆಯ ವಾಹನಗಳ ಮೇಲೆ ಬಿದ್ದಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿಯೂ ಹೊತ್ತಿಕೊಂಡಿತು. ನೀರು ಉರಿಯುವುದನ್ನು ಕಂಡು ಜನ ಬೆರಗಾದರು. ಆ ನೊರೆಯಲ್ಲಿ ಲಕ್ಷಾಂತರ ಮನೆಗಳ ಬಚ್ಚಲಿನ ಪಾಲೂ ಇತ್ತು. ಯುರೋಪಿನ ಒಕ್ಕೂಟವು ಮನೆಬಳಕೆಯ ಬಟ್ಟೆಯ ಮಾರ್ಜಕಗಳಲ್ಲಿ ರಂಜಕದ ಪ್ರಮಾಣಕ್ಕೆ 2013ರಿಂದ ಮಿತಿ ಹಾಕಿತು.

ಹಾಗಾದರೆ ಮನೆಯಲ್ಲಿ ಮಾಡಬಹುದಾದುದೇನು? ಮೊದಲನೆಯದಾಗಿ, ಕೊಳೆಯಾದ ಬಟ್ಟೆಯನ್ನು ಮಾತ್ರ ಒಗೆಯಬೇಕು. ಮೈಗೆ ತಾಗುವ ಒಳಉಡುಪು, ಕಾಲುಚೀಲ, ಬೆವರಿನಲ್ಲಿ ತೊಯ್ದ ಅಂಗಿ ಇವುಗಳನ್ನು ದಿನವೂ ಒಗೆಯುವುದು ಆರೋಗ್ಯಕ್ಕೆ ಅವಶ್ಯ. ಆದರೆ ಒಂದೆರಡು ಗಂಟೆ ಮಾತ್ರ ತೊಟ್ಟ ಹೊರಉಡುಪನ್ನು ಗಾಳಿಗೆ ಹರವಿ ಮತ್ತೊಮ್ಮೆ ತೊಡಬಹುದು. ಎರಡನೆಯದಾಗಿ, ಪುಡಿಯನ್ನು ಅಳತೆ ಮಾಡಿ ಹಾಕಬೇಕು. ನೊರೆ ಹೆಚ್ಚಿದಷ್ಟೂ ಬಟ್ಟೆ ಶುಭ್ರವಾಗುತ್ತದೆಂಬುದು ಭ್ರಮೆ. ಹೆಚ್ಚಾದ ನೊರೆಯನ್ನು ತೆಗೆಯಲು ಮತ್ತೆರಡು ಬಕೆಟ್ ನೀರು ಬೇಕಾಗುತ್ತದೆ. ಮೂರನೆಯದಾಗಿ, ಬಟ್ಟೆಯನ್ನು ಅರ್ಧ ಗಂಟೆ ನೆನೆಸಿ ತಣ್ಣೀರಿನಲ್ಲಿಯೇ ಒಗೆಯಬೇಕು. ಬಿಸಿನೀರಿನಲ್ಲಿ ಒಗೆಯುವ ಯಂತ್ರಗಳು ಬಳಸುವ ವಿದ್ಯುತ್ತಿನ ಬಹುಪಾಲು ನೀರು ಕಾಯಿಸುವುದಕ್ಕೇ ಖರ್ಚಾಗುತ್ತದೆ. ರೋಗಿಗಳ ಬಟ್ಟೆ, ಹಸುಳೆಗಳ ಬಟ್ಟೆಗಳಿಗೆ ಮಾತ್ರ ಬಿಸಿನೀರು ತಕ್ಕುದು. ಮೇಲಿನಿಂದ ಬಟ್ಟೆ ತುಂಬುವ ಯಂತ್ರ ಒಂದು ಸರದಿಗೆ ಸುಮಾರು 100ರಿಂದ 150 ಲೀಟರ್ ನೀರು ಕುಡಿಯುತ್ತದೆ. ಆದುದರಿಂದ ನಾಲ್ಕು ಅರೆಸರದಿಗಳಿಗಿಂತ ಎರಡು ತುಂಬುಸರದಿಗಳು ಲೇಸು.

ತೆಂಗಿನ ಸೀಮೆಯಲ್ಲಿ ಬಟ್ಟೆಗೆ ಅಂಟುವ ಒಂದು ವಿಶೇಷ ಕಲೆಯಿದೆ. ಎಳನೀರು ಕೆತ್ತುವಾಗಲೂ ಹಸಿಕಾಯಿ ಸುಲಿಯುವಾಗಲೂ ಸಿಡಿಯುವ ರಸ ಮೊದಲು ಬಣ್ಣವಿಲ್ಲದಂತೆ ತೋರಿ, ಆಮೇಲೆ ಕಂದುಬಣ್ಣದ ‘ಕರೆ’ಯಾಗಿ ಕೂರುತ್ತದೆ. ಆ ರಸದಲ್ಲಿರುವ ಟ್ಯಾನಿನ್ ಜಾತಿಯ ಪದಾರ್ಥಗಳು ಗಾಳಿಯ ಆಮ್ಲಜನಕದೊಡನೆ ಸೇರುವುದೇ ಇದಕ್ಕೆ ಕಾರಣ. ಇದರ ಮೇಲೆ ಕೂಡಲೇ ಸಾಬೂನು ಉಜ್ಜಿದರೆ ಕ್ಷಾರದಿಂದ ಕಲೆ ಇನ್ನೂ ಗಟ್ಟಿಯಾಗುತ್ತದೆ. ರಸ ಒಣಗುವ ಮುನ್ನವೇ ಬರಿಯ ತಣ್ಣೀರಿನಲ್ಲಿ ಚೆನ್ನಾಗಿ ಜಾಲಿಸಿ, ಬೇಕಾದರೆ ನಿಂಬೆರಸ ಹಚ್ಚಿ, ಆಮೇಲೆ ಒಗೆಯುವುದು ಸರಿಯಾದ ಕ್ರಮ. ತೋಟದ ಕೆಲಸಕ್ಕೆಂದೇ ಒಂದು ಜೊತೆ ಹಳೆಯ ಬಟ್ಟೆಯನ್ನು ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ಸಮಯಕ್ಕೆ ಸರಿಯಾಗಿ ಬಳಸಿದ ಒಂದು ಚೊಂಬು ನೀರು, ತಡವಾಗಿ ಸುರಿಯುವ ಬ್ಲೀಚಿಂಗ್ ಪುಡಿಯನ್ನು ಉಳಿಸುತ್ತದೆ.

ಬಟ್ಟೆ ಒಗೆದ ಮೇಲೆ ಉಳಿಯುವ ನೀರನ್ನು ಈ ಸೀಮೆಯ ಹಿರಿಯರು ವ್ಯರ್ಥವೆಂದು ತಿಳಿದವರಲ್ಲ. ಬಚ್ಚಲಿನ ನೀರು ಹಿತ್ತಲಿನ ತೆಂಗಿನ ಬುಡಕ್ಕೋ ಬಾಳೆಯ ಬುಡಕ್ಕೋ ಹರಿಯುವಂತೆ ಕಾಲುವೆ ತೋಡುವುದು ಹಳೆಯ ವಾಡಿಕೆ. ಬೇಸಿಗೆಯಲ್ಲಿ ಹನಿ ನೀರಾವರಿಯಿಂದ ಬೆಳೆದ ತೆಂಗಿನ ಮರವೊಂದಕ್ಕೆ ದಿನಕ್ಕೆ ಸುಮಾರು 40ರಿಂದ 50 ಲೀಟರ್ ನೀರು ಬೇಕು. ಎರಡನೆಯ ಮತ್ತು ಮೂರನೆಯ ಸಲ ಜಾಲಿಸಿದ 100 ಲೀಟರ್ ತಿಳಿನೀರು ಎರಡು ಮರಗಳ ಒಂದು ದಿನದ ದಾಹವನ್ನು ತಣಿಸಬಲ್ಲುದು. ಆದರೆ ಇಲ್ಲಿಯೂ ಎಚ್ಚರ ಅಗತ್ಯ. ಪುಡಿ ಕರಗಿದ ಮೊದಲ ನೀರಿನಲ್ಲಿ ಸೋಡಿಯಂ ಲವಣಗಳು ಹೆಚ್ಚು. ಅವು ಸತತವಾಗಿ ಒಂದೇ ಕಡೆ ಸೇರಿದರೆ ಮಣ್ಣು ಬಿಗಿದು ನೀರು ಇಂಗದಂತಾಗುತ್ತದೆ. ಆದುದರಿಂದ ತಿಳಿನೀರನ್ನು ಮಾತ್ರ ಬಳಸಬೇಕು. ಒಂದೇ ಮರಕ್ಕೆ ದಿನವೂ ಬಿಡದೆ ಸರದಿಯಂತೆ ಬಿಡಬೇಕು. ಪಾತಿಯಲ್ಲಿ ಸಿಪ್ಪೆ ಮತ್ತು ಒಣಗರಿಗಳನ್ನು ಹರವಿ ನೀರು ನಿಲ್ಲದೆ ಇಂಗುವಂತೆ ಮಾಡಬೇಕು. ನಿಂತ ನೀರು ಸೊಳ್ಳೆಗಳ ತೊಟ್ಟಿಲು. ಮಲಮೂತ್ರ ತಗುಲಿದ ಬಟ್ಟೆಗಳ ನೀರನ್ನಾಗಲಿ, ಸೊಪ್ಪುತರಕಾರಿಯ ಮಡಿಗಳಿಗೆ ಸಾಬೂನು ನೀರನ್ನಾಗಲಿ ಹಾಯಿಸಲಾಗದು.

ಬಟ್ಟೆ ಒಣಗಿಸಲು ಸೂರ್ಯನಿಗಿಂತ ಉತ್ತಮವಾದ ಯಂತ್ರ ಬೇರೆಯಿಲ್ಲ. ಬಿಸಿಲಿನ ಅತಿನೇರಳೆ ಕಿರಣಗಳು ರೋಗಾಣುಗಳನ್ನು ನಾಶಪಡಿಸುತ್ತವೆ. ಬಣ್ಣದ ಬಟ್ಟೆಯನ್ನು ಒಳಮಗ್ಗುಲು ಹೊರಗಾಗಿಸಿ ನೆರಳುಬಿಸಿಲಿನಲ್ಲಿ ಹರವಿದರೆ ಬಣ್ಣ ಮಾಸುವುದಿಲ್ಲ. ನೀರು ಸುರಿಯುವಾಗಲೇ ಚೆನ್ನಾಗಿ ಕೊಡವಿ, ಅಂಚು ಎಳೆದು ಒಣಹಾಕಿ, ಒಣಗಿದೊಡನೆ ಮಡಿಸಿಟ್ಟರೆ ಇಸ್ತ್ರಿಯ ಅವಶ್ಯಕತೆಯೇ ಅರ್ಧ ಇಲ್ಲವಾಗುತ್ತದೆ.

ಇಸ್ತ್ರಿಯ ವಿಷಯದಲ್ಲಿಯೂ ತೆಂಗಿನ ಪಾತ್ರ ಇದ್ದೇ ಇದೆ. ತೆಂಗಿನ ಚಿಪ್ಪಿನ ಇದ್ದಿಲು ಇಸ್ತ್ರಿ ಪೆಟ್ಟಿಗೆಗೆ ಒಳ್ಳೆಯ ಕೆಂಡ. ಎಸೆಯುವ ಚಿಪ್ಪು ಉರುವಲಾಗುವುದು ಮಿತವ್ಯಯವೇ ಸರಿ. ಆದರೆ ಚಿಪ್ಪನ್ನು ಬಯಲಿನ ಗುಂಡಿಗಳಲ್ಲಿ ಸುಟ್ಟು ಇದ್ದಿಲು ಮಾಡುವಾಗ ಏಳುವ ದಟ್ಟ ಹೊಗೆ ಸುತ್ತಲಿನವರ ಉಸಿರಿಗೆ ಮಾರಕ. ವಿದ್ಯುತ್ ಇಸ್ತ್ರಿಗೂ ಲೆಕ್ಕವಿದೆ. ಸಾವಿರ ವಾಟ್‌ನ ಪೆಟ್ಟಿಗೆಯಿಂದ ಒಂದು ಜೊತೆ ಉಡುಪನ್ನು ಹತ್ತು ನಿಮಿಷ ತೀಡಿದರೆ ಒಂದು ಯೂನಿಟ್ಟಿನ ಆರನೆಯ ಒಂದು ಭಾಗ ವಿದ್ಯುತ್ ವೆಚ್ಚವಾಗುತ್ತದೆ. ಭಾರತದಲ್ಲಿ ಕಲ್ಲಿದ್ದಲಿನಿಂದ ತಯಾರಾಗುವ ವಿದ್ಯುತ್ತೇ ಹೆಚ್ಚಾಗಿರುವುದರಿಂದ ಒಂದು ಯೂನಿಟ್ಟಿನ ಹಿಂದೆ ಸರಾಸರಿ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹಾಗೆಂದರೆ ಒಂದು ಜೊತೆ ಉಡುಪಿಗೆ ನೂರು ಗ್ರಾಂಗಿಂತ ಹೆಚ್ಚು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವನ್ನೂ ಒಳಗೊಂಡ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು 2024ರ ಮೇ ತಿಂಗಳಿನಲ್ಲಿ, ಸೋಮವಾರದಂದು ಇಸ್ತ್ರಿ ಮಾಡದ ಉಡುಪನ್ನು ಧರಿಸಿ ಬರಬೇಕೆಂದು ತನ್ನ ಸಿಬ್ಬಂದಿಗೆ ಕರೆಕೊಟ್ಟಿತೆಂದು ವರದಿಯಾಯಿತು. ಸುಕ್ಕು ಅಗೌರವವಲ್ಲ, ಕೊಳೆಯೇ ಅಗೌರವ ಎಂಬುದು ಅದರ ಸಾರ.

ತಮಿಳುನಾಡಿನ ತಿರುವಣ್ಣಾಮಲೈಯ ವಿನಿಶಾ ಉಮಾಶಂಕರ್ ಎಂಬ ಶಾಲಾಬಾಲಕಿ ತನ್ನ ಊರಿನ ಬೀದಿಯಲ್ಲಿ ಇಸ್ತ್ರಿ ಮಾಡುವವರು ಇದ್ದಿಲನ್ನು ಉರಿಸುವುದನ್ನು ಗಮನಿಸಿ, ಸೌರಶಕ್ತಿಯಿಂದ ನಡೆಯುವ ಇಸ್ತ್ರಿ ಗಾಡಿಯೊಂದನ್ನು ರೂಪಿಸಿದಳು. ಗಾಡಿಯ ಮೇಲ್ಛಾವಣಿಯ ಸೌರಫಲಕಗಳು ಬ್ಯಾಟರಿಯನ್ನು ತುಂಬುತ್ತವೆ. ಬ್ಯಾಟರಿಯು ಇಸ್ತ್ರಿ ಪೆಟ್ಟಿಗೆಯನ್ನು ಕಾಯಿಸುತ್ತದೆ. ಇದಕ್ಕಾಗಿ 2020ರಲ್ಲಿ ಆಕೆಗೆ ಸ್ವೀಡನ್ ದೇಶದ ಮಕ್ಕಳ ಹವಾಗುಣ ಪ್ರಶಸ್ತಿ ದೊರೆಯಿತು. 2021ರಲ್ಲಿ ಗ್ಲ್ಯಾಸ್ಗೋದಲ್ಲಿ ನಡೆದ ಹವಾಗುಣ ಸಮ್ಮೇಳನದಲ್ಲಿ ಆಕೆ ಮಾತನಾಡಿದಳು. ಬೀದಿಯ ಮೂಲೆಯ ನಿತ್ಯದೃಶ್ಯವನ್ನು ಪ್ರಶ್ನಿಸುವ ಕಣ್ಣು ಇದ್ದರೆ ವಿದ್ಯಾರ್ಥಿಯೂ ಲೋಕಕ್ಕೆ ಉಪಕಾರಿಯಾಗಬಲ್ಲನೆಂಬುದಕ್ಕೆ ಇದೊಂದು ಉದಾಹರಣೆ. ತುಮಕೂರು ಜಿಲ್ಲೆಯದೇ ಆದ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. ಇಸ್ತ್ರಿ ಮಾಡಲೇಬೇಕಾದಾಗ ವಾರದ ಬಟ್ಟೆಯನ್ನೆಲ್ಲ ಒಟ್ಟುಗೂಡಿಸಿ, ಸೌರ ವಿದ್ಯುತ್ತು ಹರಿಯುವ ಹಗಲಿನಲ್ಲಿಯೇ ಮಾಡುವುದು ಜಾಣತನ.

ಬಟ್ಟೆಯ ಆಯುಷ್ಯವನ್ನು ಹೆಚ್ಚಿಸುವುದೂ ಪರಿಸರದ ಸೇವೆಯೇ. ಪ್ರಪಂಚದ ಸರಾಸರಿಯಂತೆ ಒಂದು ಕಿಲೋಗ್ರಾಂ ಹತ್ತಿಯ ಬಟ್ಟೆಯ ಹಿಂದೆ ಸುಮಾರು 10,000 ಲೀಟರ್ ನೀರಿನ ವೆಚ್ಚವಿದೆ. ಕಾಲು ಕಿಲೋಗ್ರಾಂ ತೂಕದ ಅಂಗಿಯನ್ನು ಒಂದು ಗುಂಡಿ ಬಿದ್ದುಹೋಯಿತೆಂದು ಮೂಲೆಗೆ ಎಸೆದರೆ 2,500 ಲೀಟರ್ ನೀರನ್ನು ಚೆಲ್ಲಿದಂತೆ. ಸೂಜಿದಾರ ಹಿಡಿಯುವುದನ್ನು ಹುಡುಗರೂ ಹುಡುಗಿಯರೂ ಸಮಾನವಾಗಿ ಕಲಿಯಬೇಕು. ಅಣ್ಣನ ಸಮವಸ್ತ್ರ ತಮ್ಮನಿಗಾಗುವುದರಲ್ಲಿ ನಾಚಿಕೆಯಿಲ್ಲ. ಪಾಲಿಯೆಸ್ಟರ್, ಅಕ್ರಿಲಿಕ್ ಮೊದಲಾದ ಕೃತಕ ನೂಲಿನ ಬಟ್ಟೆಗಳ ವಿಷಯದಲ್ಲಿ ಇನ್ನೊಂದು ಸಂಗತಿಯಿದೆ. ಇಂಥ ಆರು ಕಿಲೋಗ್ರಾಂ ಬಟ್ಟೆಯನ್ನು ಯಂತ್ರದಲ್ಲಿ ಒಮ್ಮೆ ಒಗೆದಾಗ ಏಳು ಲಕ್ಷಕ್ಕೂ ಮಿಕ್ಕಿ ಅತಿಸೂಕ್ಷ್ಮ ಎಳೆಗಳು ನೀರಿಗೆ ಸೇರಬಹುದೆಂದು ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದರು. ಕರಗದ ಆ ಪ್ಲಾಸ್ಟಿಕ್ ಎಳೆಗಳು ಹೊಳೆ, ಸಮುದ್ರ, ಮಣ್ಣು ಎಲ್ಲೆಡೆಯೂ ಹರಡುತ್ತವೆ. ಕಡಿಮೆ ಸಲ ಒಗೆಯುವುದಕ್ಕೂ ಹತ್ತಿಯನ್ನು ಆರಿಸಿಕೊಳ್ಳುವುದಕ್ಕೂ ಇದು ಮತ್ತೊಂದು ಕಾರಣ.

ಮಡಿಬಟ್ಟೆ ತೊಟ್ಟ ಮೇಲೆ ಮನುಷ್ಯ ಮನೆಯಿಂದ ಹೊರಡುತ್ತಾನೆ. ಇಲ್ಲಿಂದ ದಾರಿಯ ಲೆಕ್ಕ ಮೊದಲಾಗುತ್ತದೆ. ಹಿಂದೆ ಕಾಯಿಯೂ ಕೊಬ್ಬರಿಯೂ ಎತ್ತಿನ ಗಾಡಿಯಲ್ಲಿ ತಿಪಟೂರಿಗೆ ಬರುತ್ತಿದ್ದವು. ಮಕ್ಕಳು ಗದ್ದೆ ತೋಟಗಳ ಬದುವಿನ ಮೇಲೆ ನಡೆದು ಶಾಲೆ ಸೇರುತ್ತಿದ್ದರು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ಹಾಕಿದ ರೈಲುಹಳಿ ತಿಪಟೂರಿನ ವ್ಯಾಪಾರಕ್ಕೆ ಹೊಸ ಬಾಗಿಲು ತೆರೆಯಿತು. ಆಮೇಲೆ ಬಸ್ಸು ಬಂದಿತು, ಸೈಕಲ್ಲು ಬಂದಿತು. ಈಗ ಮನೆಮನೆಗೂ ಮೋಟಾರು ಸೈಕಲ್ಲು ಬಂದಿದೆ. ಅರ್ಧ ಮೈಲಿ ದೂರದ ಅಂಗಡಿಗೂ ಅದನ್ನೇ ಏರುವುದು ರೂಢಿಯಾಗಿದೆ.

ಒಂದು ಲೀಟರ್ ಪೆಟ್ರೋಲು ಉರಿದಾಗ ಸುಮಾರು 2.3 ಕಿಲೋಗ್ರಾಂ, ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಹಳ್ಳಿಯೊಂದರಿಂದ ತಾಲ್ಲೂಕು ಕೇಂದ್ರಕ್ಕೆ ಹತ್ತು ಕಿಲೋಮೀಟರ್ ಎಂದುಕೊಳ್ಳೋಣ. ಲೀಟರಿಗೆ 50 ಕಿಲೋಮೀಟರ್ ಓಡುವ ಮೋಟಾರು ಸೈಕಲ್ಲಿನಲ್ಲಿ ಒಬ್ಬನೇ ಹೋದರೆ ಸುಮಾರು 460 ಗ್ರಾಂ. ಲೀಟರಿಗೆ ಐದು ಕಿಲೋಮೀಟರ್ ಓಡುವ ಬಸ್ಸು ಅದೇ ದೂರಕ್ಕೆ ಎರಡು ಲೀಟರ್ ಡೀಸೆಲ್ ಸುಡುತ್ತದೆ. ಅದರಲ್ಲಿ ಐವತ್ತು ಜನರಿದ್ದರೆ ತಲೆಗೆ ಬೀಳುವುದು ಸುಮಾರು 108 ಗ್ರಾಂ ಮಾತ್ರ, ನಾಲ್ಕನೆಯ ಒಂದು ಭಾಗಕ್ಕೂ ಕಡಿಮೆ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿನಲ್ಲಿ ಒಬ್ಬನೇ ಕುಳಿತರೆ ಒಂದೂವರೆ ಕಿಲೋಗ್ರಾಂ. ಸೈಕಲ್ಲಿಗೂ ನಡಿಗೆಗೂ ಇಂಧನದ ಲೆಕ್ಕವೇ ಇಲ್ಲ. ವರ್ಷಕ್ಕೆ 220 ದಿನ ಹೋಗಿಬರುವವನೊಬ್ಬ ಮೋಟಾರು ಸೈಕಲ್ಲನ್ನು ಬಿಟ್ಟು ಬಸ್ಸು ಹಿಡಿದರೆ ಅವನ ಪಾಲಿನ ಹೊಗೆ 200 ಕಿಲೋಗ್ರಾಂನಿಂದ 50 ಕಿಲೋಗ್ರಾಂಗಿಂತ ಕೆಳಕ್ಕಿಳಿಯುತ್ತದೆ.

ಲೆಕ್ಕ ಇಷ್ಟು ಸ್ಪಷ್ಟವಾಗಿದ್ದರೂ ಜನ ಸ್ವಂತ ವಾಹನವನ್ನು ಏರುವುದಕ್ಕೆ ಕಾರಣಗಳುಂಟು. ಒಳನಾಡಿನ ಹಳ್ಳಿಗೆ ದಿನಕ್ಕೆರಡು ಸಲ ಮಾತ್ರ ಬಸ್ಸು ಬಂದರೆ, ಅದೂ ಹೊತ್ತು ತಪ್ಪಿದರೆ, ರೈತ ಮಾರುಕಟ್ಟೆಯ ಹೊತ್ತಿಗೆ ತಲುಪುವುದು ಹೇಗೆ? ಆದುದರಿಂದ ಹೊತ್ತಿಗೆ ಸರಿಯಾಗಿ ಬಸ್ಸು ಬರುವಂತೆ ಗ್ರಾಮಸ್ಥರು ಒಟ್ಟಾಗಿ ಕೇಳುವುದೂ, ಬಂದ ಬಸ್ಸನ್ನು ಬಳಸಿ ಉಳಿಸಿಕೊಳ್ಳುವುದೂ ಪರಿಸರ ಕಾರ್ಯವೇ ಆಗಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿತು. ತಿಪಟೂರಿನ ಮೂಲಕ ಹಾದುಹೋಗುವ ರೈಲುಮಾರ್ಗ ವಿದ್ಯುದೀಕರಣಗೊಂಡಿದೆ. ತುಮಕೂರಿಗೂ ಬೆಂಗಳೂರಿಗೂ ಹೋಗುವವರಿಗೆ ರೈಲೇ ಮಿತವ್ಯಯದ ಸಾಧನ. ಕರ್ನಾಟಕ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿತು. 2020ರ ಸಾಂಕ್ರಾಮಿಕದ ಕಾಲದಲ್ಲಿ ಆ ವಿತರಣೆ ನಿಂತರೂ, ದೂರದ ಹಳ್ಳಿಯ ಹೆಣ್ಣುಮಕ್ಕಳು ಸೈಕಲ್ಲೇರಿ ಪ್ರೌಢಶಾಲೆಗೆ ಬರುವ ದೃಶ್ಯ ಅದರಿಂದ ನಾಡಿಗೆಲ್ಲ ಪರಿಚಿತವಾಯಿತು. ಮನೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿರುವ ಸೈಕಲ್ಲುಗಳ ಸರಪಳಿಗೆ ಎಣ್ಣೆ ಬಿಟ್ಟು, ಚಕ್ರಕ್ಕೆ ಗಾಳಿ ತುಂಬಿದರೆ ಅವು ಮತ್ತೆ ಓಡುತ್ತವೆ. ವಾಹನ ಅನಿವಾರ್ಯವಾದಾಗ ಇಬ್ಬರು ಕೂಡಿ ಹೋಗುವುದು, ನಾಲ್ಕು ಕೆಲಸಗಳನ್ನು ಒಂದೇ ಪಯಣದಲ್ಲಿ ಮುಗಿಸುವುದು, ಚಕ್ರದ ಗಾಳಿಯನ್ನು ಸರಿಯಾಗಿ ಇಡುವುದು ಇವುಗಳಿಂದಲೂ ಇಂಧನ ಉಳಿಯುತ್ತದೆ.

ಬಟ್ಟೆಯ ನೀರಿಗೂ ದಾರಿಯ ಹೊಗೆಗೂ ಸಂಬಂಧವೇನೆಂದು ಕೇಳಬಹುದು. ಗಾಳಿಗೆ ಸೇರಿದ ಇಂಗಾಲದ ಡೈಆಕ್ಸೈಡ್ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಶಾಖ ಹೆಚ್ಚಿದಂತೆ ಕೆರೆಯ ನೀರು ಬೇಗ ಆವಿಯಾಗುತ್ತದೆ, ಮಳೆಯ ಹದ ತಪ್ಪುತ್ತದೆ, ತೆಂಗಿನ ಬಾಯಾರಿಕೆ ಹೆಚ್ಚುತ್ತದೆ. ಆಗ ಕೊಳವೆಬಾವಿ ಇನ್ನಷ್ಟು ಆಳಕ್ಕಿಳಿಯಬೇಕು. ಆಳದ ನೀರು ಇನ್ನಷ್ಟು ಗಡಸಾಗಿರಬಹುದು. ಆ ನೀರಿಗೆ ಇನ್ನಷ್ಟು ಸಾಬೂನು ಬೇಕು. ಹೀಗೆ ದಾರಿಯಲ್ಲಿ ಬಿಟ್ಟ ಹೊಗೆ ಸುತ್ತಿ ಬಳಸಿ ಬಚ್ಚಲಿಗೇ ಬಂದು ಸೇರುತ್ತದೆ. ಒಬ್ಬನ ಉಳಿತಾಯದಿಂದ ಲೋಕದ ಹವಾಗುಣ ಬದಲಾಗದು. ಆದರೆ ಹನಿ ಹನಿ ಕೂಡಿದರೆ ಹಳ್ಳ. ಒಂದು ಊರಿನ ಮನೆಗಳೆಲ್ಲ ಉಳಿಸಿದ ನೀರು ಆ ಊರಿನ ನೆಲದಲ್ಲಿಯೇ ಉಳಿಯುತ್ತದೆಂಬುದರಲ್ಲಿ ಮಾತ್ರ ಸಂದೇಹವಿಲ್ಲ.

ಎತ್ತರದ ತಳಿಯ ತೆಂಗಿನ ಸಸಿ ಫಲ ಕೊಡಲು ಆರೇಳು ವರ್ಷ ಕಾಯಬೇಕು. ಒಮ್ಮೆ ಫಲಕ್ಕೆ ಬಂದರೆ ಅದು ಅರವತ್ತು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ನೆಟ್ಟವರ ಮೊಮ್ಮಕ್ಕಳು ಅದರ ಎಳನೀರನ್ನು ಕುಡಿಯುತ್ತಾರೆ. ಈ ಸೀಮೆಯ ಜನ ತಲೆಮಾರುಗಳನ್ನು ಮುಂದೆ ನೋಡಿ ಬದುಕುವುದನ್ನು ತೆಂಗಿನಿಂದಲೇ ಕಲಿತವರು. ಸಸಿ ನೆಡುವಾಗ ತೋರುವ ಆ ದೂರದೃಷ್ಟಿಯನ್ನು ಬಟ್ಟೆ ಒಗೆಯುವ ಕಲ್ಲಿನ ಬಳಿಯೂ ಬಸ್ಸಿನ ನಿಲ್ದಾಣದಲ್ಲಿಯೂ ತೋರಿದರೆ, ತೋಟಗಳು ಮುಂದಿನವರಿಗೂ ಹಸಿರಾಗಿ ಉಳಿದಾವು.